ಒಂದೇ ಫೋನಿನ ಮನೆಗೆ ಒಂದು ಆ್ಯಪ್

ನಮ್ಮ ದೊಡ್ಡಪ್ಪನ ಮನೆಯಲ್ಲಿ ಒಂದು ಸ್ಮಾರ್ಟ್‌ಫೋನ್ ಇದೆ. ಅದು ಯಾರದು ಎಂದು ಕೇಳಿದರೆ ಯಾರೂ ಥಟ್ಟನೆ ಉತ್ತರ ಹೇಳಲಾರರು. ಸಿಮ್ಮು ದೊಡ್ಡಪ್ಪನ ಹೆಸರಿನದು. ಫೋನು ಕೊಂಡವನು, ರಿಚಾರ್ಜ್ ಮಾಡಿಸುವವನು ಅಣ್ಣ. ಮುಂಜಾನೆ ಸಂಘದ ಮೆಸೇಜು ನೋಡಲು ಅದು ವೈನಿಯ ಕೈಗೆ ಹೋಗುತ್ತದೆ. ಸಾಲಿ ಬಿಟ್ಟ ಮೇಲೆ ಹುಡುಗರ ಗೇಮಿಗೆ. ಸಂಜೆ ದೊಡ್ಡವ್ವನ ಭಜನೆ ಪದಗಳಿಗೆ. ಊಟದ ಹೊತ್ತಿಗೆ ಬಾಜೂ ಮನೆಯವರು "ಒಂದ ಫೋನ್‌ಪೇ ಮಾಡ್ರಿ" ಎಂದು ಬಂದರೆ ಅವರಿಗೂ. ಲಾಕ್ ತೆಗೆಯುವ ನಂಬರು ಮನೆಯ ಒಂಬತ್ತು ವರ್ಷದ ಹುಡುಗನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

ಬನಹಟ್ಟಿ, ಜಮಖಂಡಿ, ಮುಧೋಳ, ಬೀಳಗಿ ಕಡೆಯ ಬಹಳ ಮನೆಗಳಲ್ಲಿ ಹೀಗೇ ಇದೆ. ನೀವು ಇದನ್ನು ಓದುತ್ತಿರುವ ಫೋನು ಕೂಡ ಇನ್ನೊಂದು ತಾಸಿಗೆ ಬೇರೆ ಯಾರದೋ ಕೈಗೆ ಹೋಗಬಹುದು. ಮಾನಸಿಕ ಕಾಯಿಲೆಗೆ ಚಿಕಿತ್ಸೆ ತೆಗೆದುಕೊಳ್ಳುತ್ತಿರುವವರಿಗೆ ಆಸರೆಯಾಗುವಂಥ ಒಂದು ಆ್ಯಪನ್ನು ಆರು ತಿಂಗಳಿಂದ ನಾವು ನಾಲ್ವರು ಸೇರಿ ಕಟ್ಟುತ್ತಿದ್ದೇವೆ. ಅದರ ಬಗ್ಗೆ ಬರೆಯಲು ಕೂತರೆ ಮೊದಲು ನೆನಪಾಗುವುದು ಈ ಫೋನೇ. ಆ್ಯಪ್ ಮಾಡುವ ಕಂಪನಿಗಳು ಒಬ್ಬ ಮನುಷ್ಯನಿಗೆ ಒಂದು ಫೋನು ಎಂದು ಹಿಡಿದುಕೊಂಡು ಕೆಲಸ ಶುರು ಮಾಡುತ್ತವೆ. ನಮ್ಮ ಕಡೆ ಒಂದು ಫೋನಿಗೆ ಏಳು ಮಂದಿ.

ನಾಲ್ವರಲ್ಲಿ ಒಬ್ಬಳು ಮಹಾಲಿಂಗಪುರದ ಗೆಳತಿ. ಕಂಪ್ಯೂಟರ್ ಎಂಜಿನಿಯರಿಂಗ್ ಓದಿ ಮನೆಯಿಂದಲೇ ನೌಕರಿ ಮಾಡುತ್ತಾಳೆ, ಕೋಡ್ ಬರೆಯುವುದು ಅವಳು. ಆ್ಯಪಿನ ಮಾತುಗಳನ್ನು ಬರೆಯುವುದು ನಾನು, ಪತ್ರಿಕೋದ್ಯಮ ಓದಿದ್ದಕ್ಕೆ ಸಿಕ್ಕ ಕೆಲಸ. ಮೂರನೆಯವರು ಒಬ್ಬ ಆಶಾ ಕಾರ್ಯಕರ್ತೆ, ನಾವೆಲ್ಲ ಅಕ್ಕ ಎನ್ನುತ್ತೇವೆ. ನಾಲ್ಕನೆಯವನು ನನ್ನ ದೊಡ್ಡಪ್ಪನ ಮಗ, ಪವರ್‌ಲೂಮ್ ಮಗ್ಗ ನಡೆಸುವ ಅಣ್ಣ. ಒಂಬತ್ತು ವರ್ಷದಿಂದ ಅವನಿಗೆ ಬೈಪೋಲಾರ್ ಕಾಯಿಲೆ ಇದೆ. ಅವನನ್ನು ಕೇಳಿಯೇ ಇದನ್ನು ಬರೆದೆ, ಬರೆದ ಮೇಲೆ ಓದಿ ಹೇಳಿದೆ. ಗುರುತು ಹತ್ತದ ಹಾಗೆ ಒಂದೆರಡು ವಿವರ ಬದಲಿಸು ಅಂದ, ಬದಲಿಸಿದ್ದೇನೆ.

ಬೈಪೋಲಾರ್ ಎಂದರೆ ಏನು ಎಂದು ಕೇಳುವವರಿಗೆ ಅಣ್ಣ ತನ್ನದೇ ರೀತಿಯಲ್ಲಿ ಹೇಳುತ್ತಾನೆ: "ಕೆಲವೊಮ್ಮೆ ಮಗ್ಗ ನಿಲ್ಲಂಗಿಲ್ಲ, ಕೆಲವೊಮ್ಮೆ ಹತ್ತಂಗಿಲ್ಲ." ಉನ್ಮಾದದ ದಿನಗಳಲ್ಲಿ ರಾತ್ರಿಯಿಡೀ ಎಚ್ಚರ, ಬಾಯಿ ತುಂಬ ಮಾತು, ಕೈಯಲ್ಲಿ ಇಲ್ಲದ ರೊಕ್ಕದಲ್ಲಿ ಆರು ಹೊಸ ಮಗ್ಗ ಹಾಕುವ ಯೋಜನೆ. ಆಮೇಲೆ ಎರಡು-ಮೂರು ತಿಂಗಳು ಹಾಸಿಗೆ ಬಿಟ್ಟು ಏಳಲಿಕ್ಕೇ ಆಗದ ಕಾಲ. ಮೊದಲ ಎರಡು ವರ್ಷ ಮನೆಯವರು ತಾಯತ, ಹರಕೆ, ಅಮಾವಾಸ್ಯೆಗೊಂದು ಗುಡಿ ಎಂದು ತಿರುಗಿದರು. ಡಾಕ್ಟರ ಹತ್ತಿರ ಹೋಗಲು ತಡವಾದದ್ದಕ್ಕೆ ಒಂದು ಕಾರಣ ಊರಿನ ಹೆಸರು ಎಂದರೆ ನಂಬುತ್ತೀರಾ? ನಮ್ಮ ಕಡೆ ಯಾರಾದರೂ ಹೆಚ್ಚುಕಡಿಮೆ ಮಾತಾಡಿದರೆ "ಇವನ್ನ ಧಾರವಾಡಕ್ಕ ಕರಕೊಂಡ ಹೋಗ್ರಿ" ಎಂದು ನಗುತ್ತೇವೆ. ಅಲ್ಲಿರುವ ಮಾನಸಿಕ ಆರೋಗ್ಯ ಸಂಸ್ಥೆಯಿಂದಾಗಿ, ಕವಿಗಳ ಊರು, ಪೇಢೆಯ ಊರು ನಮ್ಮ ಬಾಯಲ್ಲಿ ಬೈಗುಳವಾಗಿಬಿಟ್ಟಿದೆ. ಧಾರವಾಡದ ಬಸ್ಸು ಹತ್ತಿದ್ದು ಯಾರಿಗೂ ಕಾಣಬಾರದು ಎಂದು ದೊಡ್ಡಪ್ಪ ಮಗನನ್ನು ಮುಂಜಾನೆ ನಾಲ್ಕಕ್ಕೇ ಮನೆ ಬಿಡಿಸಿದ್ದ.

ಚಿಕಿತ್ಸೆ ಸಿಕ್ಕ ಮೇಲೆ ಅಣ್ಣ ಚಲೋ ಆದ. ಮದುವೆ ಆಯಿತು, ಮಗ ಹುಟ್ಟಿದ. ಹೋದ ವರ್ಷ ಯಾರೋ ಹೇಳಿದರೆಂದು ಒಂದು ಇಂಗ್ಲಿಷ್ ಆ್ಯಪ್ ಹಾಕಿಕೊಂಡಿದ್ದ. ದಿನಾ ಮನಸ್ಸು ಹೇಗಿದೆ ಎಂದು ಬರೆದಿಡುವಂಥದ್ದು. ಅದೇ ಹೊತ್ತಿಗೆ ಅವನ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬಂದರು. ಮನೆಯ ಹಳೆಯ ಫೋಟೋ ತೋರಿಸಲು ಫೋನು ಅವರ ಕೈಗೆ ಹೋಯಿತು. ಅಷ್ಟರಲ್ಲಿ ಪರದೆಯ ಮೇಲೆ ಟಣ್ ಎಂದು ಒಂದು ಸಂದೇಶ ಬಂತು: ನಿಮ್ಮ ಬೈಪೋಲಾರ್ ದಿನಚರಿ ಇವತ್ತು ಬರೆದಿಲ್ಲ. ಅವರ ಜೊತೆ ಬಂದಿದ್ದ ಪಿಯುಸಿ ಹುಡುಗ ಅದನ್ನು ಗಟ್ಟಿಯಾಗಿ ಓದಿದ. ಚಹಾ ಕುಡಿದು ಹೋದರು. ಆಮೇಲೆ ಸುದ್ದಿ ಬರಲಿಲ್ಲ. ಅದಕ್ಕೇ ಸಂಬಂಧ ತಪ್ಪಿತು ಎಂದು ನಾನು ಹೇಳಲಾರೆ, ಅವರು ಕಾರಣ ಹೇಳಿಲ್ಲ. ಆದರೆ ಅಣ್ಣ ಅದೇ ರಾತ್ರಿ ಆ್ಯಪ್ ತೆಗೆದುಹಾಕಿದ. ಆ್ಯಪಿನ ಜೊತೆಗೆ ಮಾತ್ರೆಯನ್ನೂ ಬಿಟ್ಟ. ಒಂದು ತಿಂಗಳು ತುಂಬುವುದರೊಳಗೆ ನಿದ್ದೆ ಹೋಯಿತು, ಮತ್ತೆ ಆರು ಮಗ್ಗದ ಮಾತು ಬಂತು. ಎರಡು ತಿಂಗಳ ದುಡಿಮೆ, ವೈನಿಯ ಎರಡು ಬಳೆ ಹೋದ ಮೇಲೆ ಮನೆ ಹಳಿಗೆ ಬಂತು.

ನಮ್ಮ ಆ್ಯಪ್ ಶುರುವಾದದ್ದು ಇಲ್ಲಿಂದ. ಅಣ್ಣ ಹಾಕಿದ ಮೊದಲ ಷರತ್ತು: ಹೆಸರಿನಲ್ಲಿ ಮನ, ಮನಸ್ಸು, ಮಾನಸ ಯಾವುದೂ ಇರಬಾರದು. ಮೆದುಳಿನ ಚಿತ್ರ, ತಲೆ ಹಿಡಿದು ಕೂತ ಮನುಷ್ಯನ ಚಿತ್ರ ಬೇಡ. ಎರಡನೆಯದು: ತಾನಾಗಿ ಏನನ್ನೂ ಕೂಗಿ ಹೇಳಬಾರದು.

ಹಾಗಾದರೆ ಅದು ನೋಡಲಿಕ್ಕೆ ಹೇಗಿರಬೇಕು? ಅಣ್ಣ ಗೋಡೆಯ ಕಡೆ ಕೈ ತೋರಿಸಿದ. ಅಲ್ಲಿ ಕ್ಯಾಲೆಂಡರ್ ತೂಗುತ್ತಿತ್ತು. ಹಾಲು ಹಾಕಿದ ಲೆಕ್ಕ, ಸಿಲಿಂಡರ್ ಬಂದ ದಿನ, ದನ ಈಯುವ ದಿನ, ಎಲ್ಲ ಅದರ ಮೇಲೇ ಗೀಚಿಡುತ್ತಾರೆ. ಯಾರಿಗೂ ಅನುಮಾನ ಬರದ ವಸ್ತು. ಹೀಗೆ ನಮ್ಮ ಆ್ಯಪ್ ತೆರೆದರೆ ಕಾಣುವುದು ಅಮಾವಾಸ್ಯೆ, ಹುಣ್ಣಿಮೆ, ಸಂತೆ ದಿನ ಇರುವ ಒಂದು ನಿಜವಾದ ಕ್ಯಾಲೆಂಡರ್. ಯಾರು ಬೇಕಾದರೂ ನೋಡಬಹುದು, ಹಾಲಿನ ಲೆಕ್ಕ ಬರೆಯಬಹುದು. ಒಂದು ದಿನಾಂಕವನ್ನು ಒತ್ತಿ ಹಿಡಿದು ನಾಲ್ಕು ಅಂಕಿ ಹಾಕಿದರೆ ಮಾತ್ರ ಒಳಗಿನ ಪುಟ ತೆರೆಯುತ್ತದೆ. ಮಾತ್ರೆಯ ನೆನಪಿನ ಸಂದೇಶವನ್ನು ಅವರವರೇ ಬರೆದುಕೊಳ್ಳಬಹುದು. ಅಣ್ಣನದು "ಎಮ್ಮಿಗೆ ಹಿಂಡಿ" ಎಂದಿದೆ. ಅವರ ಮನೆಯಲ್ಲಿ ಎಮ್ಮೆ ಇಲ್ಲ, ಆ ಮಾತು ಬೇರೆ.

ಇದಕ್ಕೆ ಗೆಳತಿ ಒಪ್ಪಿರಲಿಲ್ಲ. ಹೀಗೆ ಮುಚ್ಚಿಡುವುದೆಂದರೆ ನಾಚಿಕೆಪಡುವ ಕಾಯಿಲೆ ಎಂದು ನಾವೇ ಒಪ್ಪಿಕೊಂಡ ಹಾಗಲ್ಲವೇ, ಶುಗರ್ ಮಾತ್ರೆಯನ್ನು ಯಾರಾದರೂ ಬಚ್ಚಿಡುತ್ತಾರೆಯೇ ಎಂದು ವಾದಿಸಿದಳು. ಅವಳ ಮಾತು ಸುಳ್ಳಲ್ಲ. ಆದರೂ ನಾನು ಅಣ್ಣನ ಕಡೆ ನಿಂತೆ. ಕಳಂಕ ಹೋಗಲಿ ಎಂದು ಬರೆಯುವುದು, ಮಾತಾಡುವುದು ನನ್ನಂಥವರ ಕೆಲಸ. ಅದಕ್ಕಾಗಿ ಅಣ್ಣನ ತಂಗಿಯ ಮದುವೆಯನ್ನು ಪಣಕ್ಕಿಡುವ ಅಧಿಕಾರ ನನಗಿಲ್ಲ. ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಎಂಬುದು ಕಾಯಿಲೆ ಇದ್ದವರೇ ತೀರ್ಮಾನಿಸುವಂಥದ್ದು. ಕಾನೂನೂ ಅದನ್ನೇ ಹೇಳುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮು ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವುದನ್ನು ರೋಗಿಯ ಹಕ್ಕು ಎಂದು ಬರೆದಿದೆ. ನಮ್ಮ ಓದಿನ ಗೆಳೆಯರಿಗೆ ಒಂದು ಮಾತು: 24ನೇ ಕಲಮು ನಮಗಾಗಿಯೇ ಇದೆ. ಆಸ್ಪತ್ರೆಯಲ್ಲಿ ಮಾನಸಿಕ ಚಿಕಿತ್ಸೆಯಲ್ಲಿರುವವರ ಫೋಟೋ, ವಿವರವನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. "ಮಾನಸಿಕ ಅಸ್ವಸ್ಥನ ರಂಪಾಟ" ಎಂಬ ತಲೆಬರಹ ಬರೆಯುವ ಮುಂಚೆ ಒಮ್ಮೆ ಅದನ್ನು ಓದಿಕೊಂಡರೆ ಚಲೋ.

ನನ್ನ ಪಾಲಿನ ಕೆಲಸ ಮಾತಿನದು ಅಂದೆನಲ್ಲ, ಅದೇ ಎಲ್ಲಕ್ಕಿಂತ ಹೆಚ್ಚು ಹೊತ್ತು ತಿಂದಿತು. ಖಿನ್ನತೆ ಇದೆಯೇ ಎಂದು ಅಳೆಯಲು ಜಗತ್ತಿನಾದ್ಯಂತ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಬಳಸುತ್ತಾರೆ. ಕಳೆದ ಎರಡು ವಾರದಲ್ಲಿ ಎಷ್ಟು ದಿನ ಆಸಕ್ತಿ ಇರಲಿಲ್ಲ, ಎಷ್ಟು ದಿನ ಕುಗ್ಗಿದ ಹಾಗೆ ಅನಿಸಿತು, ಹೀಗೆ. ಪುಸ್ತಕದ ಕನ್ನಡದಲ್ಲಿ ಅದನ್ನು "ಹತಾಶೆ, ನಿರಾಸಕ್ತಿ, ಖಿನ್ನತೆ" ಎಂದು ಬರೆದು ಅಕ್ಕನ ಮುಂದಿಟ್ಟೆ. ಅಕ್ಕ ಓದಿ ಕೇಳಿದರು, "ಇದನ್ನ ಯಾರಿಗೆ ಕೇಳಬೇಕ್ರಿ, ಮಾಸ್ತರರಿಗ?" ನಮ್ಮ ಹಳ್ಳಿಯಲ್ಲಿ ಯಾರೂ ತಮಗೆ ಖಿನ್ನತೆ ಇದೆ ಎನ್ನುವುದಿಲ್ಲ. ಬ್ಯಾಸರ ಅನ್ನುತ್ತಾರೆ. ಕೈಕಾಲು ಸೋತಂಗ ಆಗೇತಿ, ಎದಿ ಡವಡವ ಅಂತೈತಿ, ತಲಿ ಭಾರ, ಹೊಟ್ಟ್ಯಾಗ ಸಂಕಟ ಅನ್ನುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ ಕೇಳಿದ್ದು ಒಂದೇ: "ಭಾಳ ವಿಚಾರ ಹತ್ತೇತ್ರಿ." ದಿನದ ಲೆಕ್ಕವೂ ಹಾಗೇ. ಎರಡು ವಾರ ಅನ್ನುವುದಕ್ಕಿಂತ "ಹ್ವಾದ ಎರಡ ಸಂತಿಯಿಂದ" ಎಂದರೆ ತಟ್ಟನೆ ಹೊಳೆಯುತ್ತದೆ.

ಇದನ್ನು ಹುಡುಕುವಾಗ ಆಫ್ರಿಕಾದ ಜಿಂಬಾಬ್ವೆಯ ಸುದ್ದಿ ಓದಿ ನನಗೆ ಖುಷಿಯಾಯಿತು. ಅಲ್ಲಿನ ಮನೋವೈದ್ಯ ಡಿಕ್ಸನ್ ಚಿಬಾಂಡಾ 2006ರಲ್ಲಿ ಹರಾರೆಯಲ್ಲಿ ಹದಿನಾಲ್ಕು ಅಜ್ಜಿಯರಿಗೆ ತರಬೇತಿ ಕೊಟ್ಟು ದವಾಖಾನೆಯ ಹೊರಗೆ ಒಂದು ಬೆಂಚಿನ ಮೇಲೆ ಕೂರಿಸಿದರು. ಕಷ್ಟ ಇದ್ದವರು ಬಂದು ಅಜ್ಜಿಯ ಪಕ್ಕ ಕೂತು ಮಾತಾಡುವುದು. ಫ್ರೆಂಡ್‌ಶಿಪ್ ಬೆಂಚ್ ಎಂದು ಅದರ ಹೆಸರು. ಅಲ್ಲಿನ ಶೋನಾ ಭಾಷೆಯಲ್ಲಿ ಈ ಸಂಕಟಕ್ಕೆ "ಕುಫುಂಗಿಸಿಸಾ" ಅನ್ನುತ್ತಾರೆ, ಅಂದರೆ ಬಹಳ ವಿಚಾರ ಮಾಡುವುದು. ನಮ್ಮ "ಭಾಳ ವಿಚಾರ" ಕಡಲಾಚೆಯೂ ಇದೆ! ಅವರು ಪ್ರಶ್ನೆಪಟ್ಟಿಯನ್ನೂ ಆ ಭಾಷೆಯ ಮಾತಿನಿಂದಲೇ ಕಟ್ಟಿದರು. 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬೆಂಚಿನ ಮೇಲೆ ಕೂತವರ ಸಂಕಟ ಆರು ತಿಂಗಳ ನಂತರ ಉಳಿದವರದಕ್ಕಿಂತ ಚೆನ್ನಾಗಿ ಇಳಿದಿತ್ತು. ನಮ್ಮ ಆ್ಯಪಿನ ಮೊದಲ ಪ್ರಶ್ನೆ ಈಗ ಹೀಗಿದೆ: "ಹ್ವಾದ ಸಂತಿಯಿಂದ ವಿಚಾರ ಭಾಳ ಹತ್ತೇತೇನು?" ಒಂದು ಮಾತು ನೆನಪಿರಲಿ, ಇದು ಡಾಕ್ಟರ ಪರೀಕ್ಷೆಗೆ ಬದಲಿ ಅಲ್ಲ. ಮಾತು ತೆಗೆಯುವುದಕ್ಕೆ ಅಷ್ಟೇ.

ಓದಲು ಬಾರದವರಿಗೆ ಧ್ವನಿ ಬೇಕು. ಅಕ್ಕನ ದನಿಯಲ್ಲೇ ಪ್ರಶ್ನೆ ರೆಕಾರ್ಡ್ ಮಾಡಿದೆವು. ಅಲ್ಲಿಯೂ ಅದೇ ತೊಡಕು, ಫೋನು ಗಟ್ಟಿಯಾಗಿ "ನಿದ್ದಿ ಬಂತೇನು, ಮಾತ್ರಿ ತಗೊಂಡ್ರೇನು" ಎಂದರೆ ಓಣಿಗೆಲ್ಲ ಕೇಳುತ್ತದೆ. ಮಗ್ಗದ ಮನೆಯಲ್ಲಿ ಅದರ ತಿರುವುಮುರುವು, ಆ ಸದ್ದಿನಲ್ಲಿ ಫೋನಿನ ಗಂಟೆಯೇ ಕೇಳುವುದಿಲ್ಲ. ಗೆಳತಿ ಒಳ್ಳೆಯ ಉಪಾಯ ಮಾಡಿದಳು. ಕರೆ ಬಂದಾಗ ಹಿಡಿಯುವ ಹಾಗೆ ಫೋನನ್ನು ಕಿವಿಗೆ ಹಿಡಿದರೆ ಮಾತ್ರ ಧ್ವನಿ ಬರುತ್ತದೆ, ಕಿವಿಯಿಂದ ತೆಗೆದರೆ ನಿಲ್ಲುತ್ತದೆ. ನೋಡಿದವರು ಯಾರ ಜೊತೆಗೋ ಮಾತಾಡುತ್ತಿದ್ದಾನೆ ಅಂದುಕೊಳ್ಳುತ್ತಾರೆ.

ನಿದ್ದೆಯ ಪ್ರಶ್ನೆಗೆ ಬರುತ್ತೇನೆ. ನಾವು ನೋಡಿದ ಆ್ಯಪುಗಳೆಲ್ಲ ಎಷ್ಟು ತಾಸು ನಿದ್ದೆ ಎಂದು ಕೇಳಿ, ಕಡಿಮೆಯಾದರೆ ಕೆಂಪು ಬಣ್ಣ ತೋರಿಸುತ್ತವೆ. ಮುಧೋಳ ಕಡೆಯ ಒಬ್ಬ ಕಬ್ಬಿನ ರೈತರು ಇದನ್ನು ಬಳಸಿ ನೋಡಿದಾಗ ವಾರದಲ್ಲಿ ನಾಲ್ಕು ದಿನ ಕೆಂಪು. ಅವರಿಗೆ ಕಾಯಿಲೆ ಹೆಚ್ಚಾಗಿರಲಿಲ್ಲ. ಆ ವಾರ ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿತ್ತು, ಕಬ್ಬಿಗೆ ನೀರು ಬಿಡಲು ಹೋಗಿದ್ದರು. ಮಗ್ಗದ ರಾತ್ರಿ ಪಾಳಿಯವರದೂ ಇದೇ ಕಥೆ. ಹಾಗಾಗಿ ನಾವು ಎರಡು ಪ್ರಶ್ನೆ ಮಾಡಿದೆವು: ನಿದ್ದಿ ಬರಲಿಲ್ಲೋ, ಕೆಲಸ ಇತ್ತೋ? ಮುಂಜಾನೆ ದಣಿವು ಇತ್ತೋ ಇಲ್ಲೋ? ಎರಡನೆಯದು ಬೈಪೋಲಾರ್ ಇದ್ದವರಿಗೆ ಮುಖ್ಯ. ಮೂರು ತಾಸು ಮಲಗಿ ಎದ್ದರೂ ದಣಿವೇ ಇಲ್ಲ, ಮೈಯಲ್ಲಿ ಹುರುಪು ತುಂಬಿದೆ ಎಂದರೆ ಉನ್ಮಾದ ಶುರುವಾಗುತ್ತಿರುವ ಲಕ್ಷಣ ಇರಬಹುದು. ಇನ್ನೊಂದು, ಅವರಿಗೆ ನಿದ್ದೆ ಕೆಡುವುದೇ ಉನ್ಮಾದಕ್ಕೆ ದಾರಿ ಮಾಡಿಕೊಡಬಹುದು. ಕೆಲಸ ಇತ್ತು ಎಂಬ ಉತ್ತರ ಮೂರು ರಾತ್ರಿ ಬಂದರೂ ಆ್ಯಪ್ ಸುಮ್ಮನಿರುವುದಿಲ್ಲ: ನಾಳೆ ನೀರ ಬಿಡಾಕ ತಮ್ಮನ್ನ ಕಳಸಾಕ ಆಗತೈತೇನು ಎಂದು ಕೇಳುತ್ತದೆ.

ಇನ್ನು ಬಿಸಿಲು. ಈ ಭಾಗವನ್ನು ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರ ಮನೆಯವರು ಎರಡು ಸಲ ಓದಿರಿ. ಲಿಥಿಯಂ ಬಹಳ ಒಳ್ಳೆಯ ಔಷಧಿ, ಅಣ್ಣ ನೆಲಕ್ಕೆ ಕಾಲೂರಿ ನಿಂತದ್ದು ಅದರಿಂದಲೇ. ಆದರೆ ರಕ್ತದಲ್ಲಿ ಅದರ ಪ್ರಮಾಣ ಹೆಚ್ಚಾದರೆ ವಿಷವಾಗುತ್ತದೆ, ಅದಕ್ಕೇ ಡಾಕ್ಟರು ಆಗಾಗ ರಕ್ತಪರೀಕ್ಷೆ ಬರೆಯುತ್ತಾರೆ. ಏಪ್ರಿಲ್, ಮೇ ಬಿಸಿಲಿನಲ್ಲಿ ಬೆವರು ಸುರಿದು ಮೈಯ ನೀರು ಬತ್ತಿದರೆ, ವಾಂತಿ-ಭೇದಿ ಆದರೆ, ಉಪ್ಪನ್ನು ಒಮ್ಮೆಲೇ ಬಿಟ್ಟರೆ ಪ್ರಮಾಣ ಏರಬಹುದು. ನಮ್ಮ ಕಡೆ ಇನ್ನೊಂದು ಅಪಾಯ ಇದೆ. ಸೊಂಟ ನೋವು ಎಂದರೆ ಸಾಕು, ಅಂಗಡಿಯಿಂದ ಡೈಕ್ಲೋಫೆನಾಕ್ ಇಲ್ಲವೇ ಐಬುಪ್ರೊಫೆನ್ ತಂದು ನುಂಗುತ್ತೇವೆ. ಈ ಜಾತಿಯ ನೋವಿನ ಮಾತ್ರೆಗಳೂ ಲಿಥಿಯಂ ಏರಿಸುತ್ತವೆ. ಕೈ ಜೋರಾಗಿ ನಡುಗುವುದು, ನಡಿಗೆ ತೂರಾಡುವುದು, ಮಾತು ತೊದಲುವುದು, ವಾಂತಿ ಕಂಡರೆ "ಕುಡದಾನ" ಎಂದು ನಗದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಹೆದರಿ ಮಾತ್ರೆಯನ್ನು ನಿಮ್ಮಷ್ಟಕ್ಕೆ ಬಿಟ್ಟುಬಿಡುವುದೂ ಸರಿಯಲ್ಲ, ಡಾಕ್ಟರನ್ನು ಕೇಳಿಯೇ ಬದಲಿಸಬೇಕು. ಲಿಥಿಯಂ ಎಂದು ನಮೂದಿಸಿದವರಿಗೆ ನಮ್ಮ ಕ್ಯಾಲೆಂಡರ್ ಬೇಸಿಗೆಯಲ್ಲಿ ದಿನಾ ಮಧ್ಯಾಹ್ನ "ನೀರ ಕುಡದ್ರೇನು" ಎಂದು ಕೇಳುತ್ತದೆ. ಇದನ್ನು ಬಚ್ಚಿಡಬೇಕಾದ ಅಗತ್ಯ ಯಾರಿಗೂ ಬರಲಿಲ್ಲ.

ಪರಿಸ್ಥಿತಿ ಬಿಗಡಾಯಿಸುತ್ತಿದೆ ಎಂದು ಕಂಡರೆ ಆ್ಯಪ್ ಯಾರಿಗೆ ಹೇಳಬೇಕು? ನಾನು ವೈನಿಗೆ ಅಂದುಕೊಂಡಿದ್ದೆ. ಅಣ್ಣ ಬೇಡ ಅಂದ. ಅವಳು ಗಾಬರಿಯಾಗುತ್ತಾಳೆ, ಮುಧೋಳಕ್ಕೆ ಕೊಟ್ಟ ಅಕ್ಕನಿಗೆ ಹೋಗಲಿ ಅಂದ. ಅದೇ 2017ರ ಕಾಯ್ದೆಯಲ್ಲಿ ಇದಕ್ಕೂ ದಾರಿ ಇದೆ. ಪ್ರಾಯಕ್ಕೆ ಬಂದ ಯಾರು ಬೇಕಾದರೂ ತನ್ನ ಪರವಾಗಿ ನಿಲ್ಲುವ ಪ್ರತಿನಿಧಿಯನ್ನು ತಾನೇ ಆರಿಸಿ ಬರೆದುಕೊಡಬಹುದು. ಗಂಡನೋ ಅಪ್ಪನೋ ತಾನಾಗಿ ಪ್ರತಿನಿಧಿ ಆಗಬೇಕೆಂದಿಲ್ಲ.

ಈ ಮಾತಿನ ತೂಕ ನನಗೆ ಪೂರ್ತಿ ತಿಳಿದದ್ದು ಬೀಳಗಿ ತಾಲ್ಲೂಕಿನಲ್ಲಿ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಪುನರ್ವಸತಿ ಕೇಂದ್ರಕ್ಕೆ ಬಂದ ಮನೆಯೊಂದರ ಹೆಣ್ಣುಮಗಳು ಅವರು. ಕಷ್ಟ ಬಂದಾಗ ಯಾರ ಮನೆಗೆ ಹೋಗುತ್ತೀರಿ ಎಂದು ಅಕ್ಕ ಕೇಳಿದರು. "ಹಳೇ ಊರಾಗಿದ್ರ ಹೆಸರ ಹೇಳ್ತಿದ್ನಿ. ಇಲ್ಲಿ ಮನಿಗೆ ನಂಬರ ಕೊಟ್ಟಾರ್ರಿ, ಅಷ್ಟ" ಅಂದರು. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ದೊಡ್ಡ ಫೋನು ಗಂಡನ ಜೇಬಿನಲ್ಲಿರುತ್ತದೆ, ಇವರ ಕೈಯಲ್ಲಿ ಹಳೆಯ ಗುಂಡಿ ಫೋನು. ಎಂಥ ಗುಟ್ಟಿನ ಆ್ಯಪ್ ಮಾಡಿದರೂ ಇವರಿಗೆ ಅದರಿಂದ ಪ್ರಯೋಜನವಿಲ್ಲ. ಅವರಿಗಾಗಿ ಗೆಳತಿ ಮಿಸ್ಡ್ ಕಾಲಿನ ದಾರಿ ಮಾಡುತ್ತಿದ್ದಾಳೆ. ಇವರು ಮಿಸ್ಡ್ ಕಾಲ್ ಕೊಟ್ಟರೆ ವಾಪಸು ಕರೆ ಬಂದು ಅಕ್ಕನ ದನಿ ಕೇಳುತ್ತದೆ, ಒಂದು ಎರಡು ಒತ್ತಿ ಉತ್ತರ ಹೇಳುವುದು. ಮುಂಜಾನೆ ಹನ್ನೊಂದಕ್ಕೇ ಕರೆ ಬರಬೇಕು, ಆಗ ಎಲ್ಲರೂ ಹೊಲಕ್ಕೆ ಹೋಗಿರುತ್ತಾರೆ ಎಂದು ಅವರೇ ವೇಳೆ ಗೊತ್ತು ಮಾಡಿದರು. ಅವರು ಆರಿಸಿದ ವ್ಯಕ್ತಿ ಜಮಖಂಡಿಯಲ್ಲಿರುವ ತಂಗಿ.

ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆ ಬರುತ್ತದೆಯೇ ಎಂಬುದು. ರಾತ್ರಿ ಎರಡು ಗಂಟೆಗೆ ಒಬ್ಬರು ಹೌದು ಎಂದು ಒತ್ತಿದರೆ? ಇದರ ಬಗ್ಗೆ ನಾವು ಎಲ್ಲಕ್ಕಿಂತ ಹೆಚ್ಚು ಹೊತ್ತು ಕೂತು ಮಾತಾಡಿದ್ದೇವೆ. ನಮ್ಮ ಆ್ಯಪ್ ಆ ಹೊತ್ತಿನಲ್ಲಿ ಬುದ್ಧಿಮಾತು ಹೇಳುವುದಿಲ್ಲ, ಹಾಡು ಹಚ್ಚುವುದಿಲ್ಲ. ಆರಿಸಿದ ವ್ಯಕ್ತಿಯ ನಂಬರು ಮತ್ತು 14416, ಎರಡನ್ನೇ ದೊಡ್ಡದಾಗಿ ತೋರಿಸುತ್ತದೆ. ಇಂಟರ್ನೆಟ್ ಬೇಡ, ಸಾದಾ ಕರೆ. 14416 ಎಂದರೆ ಕೇಂದ್ರ ಸರ್ಕಾರದ ಟೆಲಿ-ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾಯಿತು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು-ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ. 2024ರಲ್ಲಿ ಅವರದೇ ಆ್ಯಪ್ ಕೂಡ ಬಂದಿದೆ. ನಿಮ್ಮ ಫೋನಿನಲ್ಲಿ ಈ ನಂಬರನ್ನು ಬೇಕಾದ ಹೆಸರಿನಲ್ಲಿ ಉಳಿಸಿಕೊಳ್ಳಿರಿ. ಮನೆಯವರು ಮಾಡಬಹುದಾದ ಕೆಲಸ ಇನ್ನೊಂದಿದೆ: ಬೆಳೆಗೆ ಹೊಡೆಯುವ ಎಣ್ಣೆಯನ್ನು ಮನೆಯೊಳಗೆ ಇಡಬೇಡಿರಿ. ಹೊಲದ ಶೆಡ್ಡಿನಲ್ಲಿ ಕೀಲಿ ಹಾಕಿ, ಕೀಲಿಯನ್ನು ಬೇರೆಯವರ ಹತ್ತಿರ ಇಡಿರಿ. ಆ ಗಳಿಗೆ ಬಹಳ ಸಲ ಬಂದು ಹೋಗುವಂಥದ್ದು. ಆ ಹೊತ್ತಿನಲ್ಲಿ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ.

ಆ್ಯಪನ್ನು ನಾನು ಇಷ್ಟೆಲ್ಲ ಹೊಗಳುತ್ತಿದ್ದೇನೆ ಎಂದು ಅನಿಸಿದರೆ ಬಳ್ಳಾರಿಯ ಕಥೆ ಕೇಳಿರಿ. 1980ರ ದಶಕದಲ್ಲಿ, ಹಳ್ಳಿಯಲ್ಲಿ ಒಂದು ಲ್ಯಾಂಡ್‌ಲೈನ್ ಇದ್ದರೆ ದೊಡ್ಡದು ಎನ್ನುವ ಕಾಲದಲ್ಲಿ, ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಕೆಲವೇ ಬಗೆಯ ಮಾತ್ರೆ, ಸರಳ ದಾಖಲೆ, ತಿಂಗಳಿಗೊಮ್ಮೆ ಪರಿಶೀಲನೆ, ಇಷ್ಟರಲ್ಲೇ ಊರ ಹತ್ತಿರ ಚಿಕಿತ್ಸೆ ಕೊಡಬಹುದು ಎಂದು ತೋರಿಸಿದರು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಆದರೂ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮಾನಸಿಕ ಕಾಯಿಲೆ ಇರುವ ನೂರು ಜನರಲ್ಲಿ, ಕಾಯಿಲೆಗೆ ತಕ್ಕಂತೆ, 70ರಿಂದ 92 ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ನಮ್ಮ ರಾಜ್ಯದಲ್ಲಿ 2014ರಲ್ಲಿ ಮನೋಚೈತನ್ಯ ಕಾರ್ಯಕ್ರಮ ಬಂತು, ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ಇಲ್ಲವೇ ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಹೋಗಿರಿ. ಇಪ್ಪತ್ತು ರೂಪಾಯಿ ಬಸ್ಸಿನಲ್ಲಿ ಆಗುವ ಕೆಲಸಕ್ಕೆ ಒಂದು ದಿನದ ಕೂಲಿ ಬಿಟ್ಟು ಧಾರವಾಡಕ್ಕೆ ಹೋಗುವುದು ತಪ್ಪಬಹುದು.

ಬಳ್ಳಾರಿಯ ದಾಖಲೆಯಿಂದ ನಾವು ಕದ್ದದ್ದು ಒಂದು ಉಪಾಯ. ಯಾರು ಬಂದರು ಎನ್ನುವುದಕ್ಕಿಂತ ಯಾರು ಬರಲಿಲ್ಲ ಎಂದು ನೋಡುವುದು. ಆರು ದಿನ ಯಾರಾದರೂ ಕ್ಯಾಲೆಂಡರ್ ಮುಟ್ಟದಿದ್ದರೆ, ಮುಂಚೆ ಒಪ್ಪಿಗೆ ಕೊಟ್ಟಿದ್ದರೆ, ಅಕ್ಕನಿಗೆ ಒಂದು ಗುರುತು ಹೋಗುತ್ತದೆ. ಅಕ್ಕ ಆ ಓಣಿಯಲ್ಲಿ ಹಾದು ಹೋಗುವಾಗ ಚಹಾಕ್ಕೆ ಬಂದ ಹಾಗೆ ಬಂದು ಕೂರುತ್ತಾರೆ. ಅಕ್ಕನಿಗೆ ಇದಕ್ಕೆ ಯಾರೂ ಗೌರವಧನ ಕೊಡುವುದಿಲ್ಲ. ಅವರ ತಲೆಯ ಮೇಲೆ ಈಗಾಗಲೇ ಎಷ್ಟು ಸಮೀಕ್ಷೆ, ಎಷ್ಟು ಆ್ಯಪ್ ಇದೆ ಎಂದು ನಿಮಗೆ ಗೊತ್ತು. ಆ ಲೆಕ್ಕ ಇನ್ನೂ ಬಗೆಹರಿದಿಲ್ಲ. ಹನ್ನೊಂದು ಜನ ಬಳಸುತ್ತಿರುವುದರಿಂದ ನಡೆದಿದೆ, ನೂರಾಹತ್ತು ಜನ ಆದರೆ ನಡೆಯುವುದಿಲ್ಲ.

ಬರೆದದ್ದೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ನಮ್ಮಲ್ಲಿ ಕಡಿಮೆ, ಕೇಳಬೇಕು. ಬೆಟರ್‌ಹೆಲ್ಪ್ ಎಂಬ ಆನ್‌ಲೈನ್ ಆಪ್ತಸಮಾಲೋಚನೆ ಕಂಪನಿ ಗುಟ್ಟಾಗಿಡುತ್ತೇವೆ ಎಂದು ಹೇಳಿ, ಬಳಕೆದಾರರ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್ ಮೊದಲಾದವರಿಗೆ ಕೊಟ್ಟಿದೆ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಆರೋಪ ಹೊರಿಸಿತು. 78 ಲಕ್ಷ ಡಾಲರ್ ಕಟ್ಟುವ ಒಪ್ಪಂದದಲ್ಲಿ ಅದು ಮುಗಿಯಿತು. ನಮ್ಮ ಕ್ಯಾಲೆಂಡರಿನಲ್ಲಿ ಬರೆದದ್ದು ಆ ಫೋನಿನಲ್ಲೇ ಉಳಿಯುತ್ತದೆ. ಫೋನು ಕಳೆದರೆ ಅದೂ ಹೋಗುತ್ತದೆ. ಹೋದರೆ ಹೋಗಲಿ ಎಂದು ಹನ್ನೊಂದು ಜನರೂ ಹೇಳಿದರು.

ಈಗ ಜಗಳ ನಡೆದಿರುವುದು ಬೇರೆ ವಿಷಯಕ್ಕೆ. ದಿನದ ಕೊನೆಗೆ ಒತ್ತಲು ಮೂರು ಮುಖ ಇಟ್ಟಿದ್ದೆವು: ಬ್ಯಾಸರ, ಸಾದಾ, ಭಾಳ ಹುರುಪು. ಮೂರನೆಯದನ್ನು ಎರಡು ದಿನ ಒತ್ತಿದರೆ ಆರಿಸಿದ ವ್ಯಕ್ತಿಗೆ ಸಂದೇಶ ಹೋಗುತ್ತದೆ. ಹೋದ ತಿಂಗಳು ಅಣ್ಣನ ಮಗ ಶಾಲೆಯ ಓಟದಲ್ಲಿ ಮೊದಲು ಬಂದ. ಅಣ್ಣ ಓಣಿಗೆಲ್ಲ ಪೇಢೆ ಹಂಚಿದ, ಗಟ್ಟಿಯಾಗಿ ನಕ್ಕ. ವೈನಿ ಒಳಗೆ ಹೋಗಿ ಮಾತ್ರೆ ಎಣಿಸಿದರು. ದೊಡ್ಡಪ್ಪ ನನಗೆ ಫೋನು ಮಾಡಿದ. ಅಣ್ಣನಿಗೆ ಎಲ್ಲ ಗೊತ್ತಾಯಿತು. "ನಾ ಅತ್ರ ಅಂಜತೀರಿ, ಖರೆ. ನಾ ನಕ್ರೂ ಅಂಜತೀರಲ್ಲೋ" ಅಂದ.

ಡಾಕ್ಟರನ್ನು ಕೇಳಿದೆವು. ಖುಷಿಗೆ ಕಾರಣ ಇದೆಯೇ, ನಿದ್ದೆ ಎಂದಿನಂತೆ ಇದೆಯೇ, ರೊಕ್ಕದ ಖರ್ಚು ಹಿಡಿತದಲ್ಲಿದೆಯೇ ಎಂದು ನೋಡಿರಿ, ಬರೀ ನಗು ನೋಡಿ ಗಾಬರಿಯಾಗಬೇಡಿರಿ ಅಂದರು. ಅದರ ಪ್ರಕಾರ ಪ್ರಶ್ನೆಗಳನ್ನು ಬದಲಿಸಿದ್ದೇನೆ. ಅಣ್ಣನಿಗೆ ಅಷ್ಟು ಸಾಲಲಿಲ್ಲ. ಅವನಿಗೆ ಇನ್ನೊಂದು ಗುಂಡಿ ಬೇಕಂತೆ, ಅದರ ಮೇಲೆ "ಇವತ್ತ ಖುಷಿ ಅದೀನಿ, ಅಷ್ಟ" ಎಂದು ಬರೆದಿರಬೇಕು. ಗೆಳತಿ ಈ ವಾರ ಅದನ್ನು ಹಾಕುತ್ತಿದ್ದಾಳೆ. ಒತ್ತಿದರೆ ಆ ದಿನಾಂಕಕ್ಕೆ ಹಳದಿ ಬಣ್ಣ ಬರುತ್ತದೆ. ಅದರ ಹಿಂದೆ ಯಾವ ಲೆಕ್ಕವೂ ಇಲ್ಲ, ಯಾರಿಗೂ ಸಂದೇಶ ಹೋಗುವುದಿಲ್ಲ.